ಸಹಾಯ ಬೇಕು: ಕ್ರಿಮ್ಸನ್ ಸೀಡ್‌ಲೆಸ್ ದ್ರಾಕ್ಷಿಯ ವೈರಸ್ ಇಲ್ಲದ ಕಡ್ಡಿ ಎಲ್ಲಿ ಸಿಗುತ್ತದೆ?

ಕುಶಾಲನಗರದ ಹತ್ತಿರ ನಮ್ಮ ಮನೆ, ಮಡಿಕೇರಿಯಷ್ಟು ಮಳೆ ಇಲ್ಲ ಅಂತ ಧೈರ್ಯ ಮಾಡಿ ಹಿತ್ತಲಲ್ಲಿ ಚಪ್ಪರ ಹಾಕಿ ನಾಲ್ಕು ಕ್ರಿಮ್ಸನ್ ಸೀಡ್‌ಲೆಸ್ ಬಳ್ಳಿ ಬೆಳೆಸಿದ್ದೇನೆ. ಸಸಿ ಒಂದು ನರ್ಸರಿಯದು. ಈಗ ಎರಡು ಬಳ್ಳಿಗಳಲ್ಲಿ ಎಲೆಯ ಅಂಚು ಕೆಳಗೆ ಸುರುಳಿಯಾಗಿದೆ, ಎಲೆ ಕೆಂಪಾದರೂ ನರ ಮಾತ್ರ ಹಸಿರು, ಹಣ್ಣಿಗೆ ಬಣ್ಣವೇ ಏರಲಿಲ್ಲ. ಲೀಫ್‌ರೋಲ್ ವೈರಸ್ ಇರಬೇಕು ಅಲ್ವಾ? ಹೆಚ್ಚಾಗಿ ಕಡ್ಡಿಯಿಂದ ಹರಡುತ್ತದೆ, ಔಷಧಿ ಇಲ್ಲ. ತುಂಬಾ ಬೇಜಾರಾಗಿದೆ.

ಈ ತಳಿ 1989ರಲ್ಲಿ ಅಮೆರಿಕದ ಫ್ರೆಸ್ನೋದಿಂದ ಬಂದದ್ದು. ಆ ದೇಶದ ಡೇವಿಸ್ ವಿಶ್ವವಿದ್ಯಾಲಯದವರು ವೈರಸ್ ಪರೀಕ್ಷೆ ಮಾಡಿದ ಗಿಡಗಳಿಗೆ ನಂಬರ್ ಕೊಟ್ಟು ನೋಂದಾಯಿಸಿ ಕಾಪಾಡುತ್ತಾರೆ. ಪುಣೆಯ ದ್ರಾಕ್ಷಿ ಸಂಶೋಧನಾ ಕೇಂದ್ರದಿಂದಲೋ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೋ ಪರೀಕ್ಷೆಯಾದ ಕಡ್ಡಿ ತಂದವರು ಯಾರಾದರೂ ಇದ್ದೀರಾ? ಡಾಗ್‌ರಿಡ್ಜ್ ಬೇರುಗಿಡಕ್ಕೆ ಕಸಿ ಮಾಡಿಸಬೇಕು. ಉಳಿದ ಎರಡು ಬಳ್ಳಿ ಇನ್ನೂ ಚೆನ್ನಾಗಿವೆ, ರೋಗದವನ್ನು ಈಗಲೇ ಕಿತ್ತುಬಿಡಲಾ?