ತೆಂಗಿನ ಗರಿ ಅಡಿಯಲ್ಲಿ ಬಿಳಿ ಸುರುಳಿ, ಪಪ್ಪಾಯಕ್ಕೆ ಹತ್ತಿ ಥರ ಹುಳ, ಲಾನ್ ಒಣಗ್ತಿದೆ: ನೀವೆಲ್ಲ ಏನ್ ಮಾಡಿದ್ರಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಮ್ಮನೆ ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಒಂದು ಸೀಬೆ, ಎರಡು ಪಪ್ಪಾಯ ಇದಾವೆ, ಮುಂದೆ ಒಂಚೂರು ಲಾನ್ ಇದೆ. ಎರಡು ತಿಂಗಳಿಂದ ತೆಂಗಿನ ಕೆಳಗಿನ ಗರಿಗಳೆಲ್ಲ ಮಸಿ ಬಳಿದಂಗೆ ಕಪ್ಪಾಗಿವೆ, ಗರಿ ತಿರುಗಿಸಿ ನೋಡಿದ್ರೆ ಅಡಿಯಲ್ಲಿ ಬಿಳಿ ಪುಡಿ ಸುರುಳಿ ಸುರುಳಿಯಾಗಿ ಅಂಟ್ಕೊಂಡಿದೆ, ಅಲ್ಲಾಡಿಸಿದ್ರೆ ಸಣ್ಣ ಬಿಳಿ ನೊಣ ಏಳುತ್ತೆ. ಮರದ ಕೆಳಗೆ ನಿಲ್ಲಿಸಿದ ಗಾಡಿ ಮೇಲೆ, ಒಗೆಯೋ ಕಲ್ಲಿನ ಮೇಲೆ ಎಲ್ಲ ಅಂಟಂಟು. ಸೀಬೆ ಎಲೆಗೂ ಇದೇ ಕಥೆ. ಪಪ್ಪಾಯಕ್ಕೆ ಹತ್ತಿ ಥರ ಏನೋ ಕೂತಿದೆ, ಲಾನ್‌ನಲ್ಲಿ ಅಲ್ಲಲ್ಲಿ ಹುಲ್ಲು ಒಣಗ್ತಿದೆ. ಪರಿಚಯದವರೊಬ್ರು ಸ್ಟ್ರಾಂಗ್ ಔಷಧಿ ತಗೊಂಡು ಮೂರು ಸಲ ಹೊಡೆಸಿಬಿಡಿ ಅಂತಿದಾರೆ. ಆದ್ರೆ ಬಾವಿ ಅಲ್ಲೇ ಇದೆ, ಮಕ್ಕಳು ಅಲ್ಲೇ ಆಡ್ತಾರೆ, ಧೈರ್ಯ ಬರ್ತಿಲ್ಲ. ಇದನ್ನ ಅನುಭವಿಸಿದವರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಉತ್ತರ:
ಮೇಡಂ, ಮೊದ್ಲು ಆ ಸ್ಪ್ರೇ ಹೊಡೆಸೋದನ್ನ ನಿಲ್ಸಿ, ಉಳಿದಿದ್ದು ಆಮೇಲೆ ನೋಡೋಣ. ನೀವು ಹೇಳ್ತಿರೋ ಲಕ್ಷಣ ನೋಡಿದ್ರೆ ಅದು ರುಗೋಸ್ ಸುರುಳಿ ಬಿಳಿನೊಣ. ನಮ್ಮ ಕಡೆಯ ಹುಳ ಅಲ್ಲ ಇದು, ಮಧ್ಯ ಅಮೆರಿಕ ಕಡೆಯದು, ನಮ್ಮ ದೇಶದಲ್ಲಿ 2016ರಲ್ಲಿ ಪೊಳ್ಳಾಚಿ ಭಾಗದ ತೆಂಗಿನಲ್ಲಿ ಮೊದಲು ಕಂಡಿದ್ದು, ಅಲ್ಲಿಂದ ಕೇರಳ, ಕರ್ನಾಟಕ, ಆಂಧ್ರ ಅಂತ ಹಬ್ಬಿಬಿಡ್ತು. ನಮ್ಮ ಮರಗಳಿಗೂ ಬಂದಿತ್ತು, ಎರಡು ಬೇಸಿಗೆ ಒದ್ದಾಡಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಒಂದು ಸಮಾಧಾನದ ವಿಷಯ ಏನಂದ್ರೆ ಇದ್ರಿಂದ ತೆಂಗಿನ ಮರ ಸಾಯಲ್ಲ. ನೊಣ ಗರಿಯ ಅಡಿಯಲ್ಲಿ ಕೂತು ರಸ ಹೀರುತ್ತೆ, ಹೀರಿದ್ದರಲ್ಲಿ ಹೆಚ್ಚಾದ ಸಕ್ಕರೆ ನೀರನ್ನ ಕೆಳಗೆ ಉದುರಿಸುತ್ತೆ, ಆ ಅಂಟು ಕೆಳಗಿನ ಗರಿ ಮೇಲೆ, ನಿಮ್ಮ ಗಾಡಿ ಮೇಲೆ ಬೀಳುತ್ತೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ. ಅಂದ್ರೆ ಆ ಮಸಿ ಮರದ ಒಳಗಿನ ರೋಗ ಅಲ್ಲ, ಮೇಲೆ ಕೂತ ಕೊಳೆ ಅಷ್ಟೆ. ಬಿಸಿಲು ಬೀಳದೆ ಗರಿ ಸೊರಗುತ್ತೆ, ನೋಡೋಕೆ ಭಯ ಆಗುತ್ತೆ, ಅದು ನಿಜ. ನಾನೂ ಭಯ ಬಿದ್ದೇ ಮೊದಲ ವರ್ಷ ಕಂಡಿದ್ದೆಲ್ಲ ಹೊಡೆಸಿದ್ದು.

ಹೊಡೆಸಿದ ಮೇಲೆ ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ಬಂತು. ಯಾಕೆ ಅಂತ ಆಗ ಅರ್ಥ ಆಗ್ಲಿಲ್ಲ. ಇಷ್ಟೇ ವಿಷಯ: ಈ ಬಿಳಿನೊಣದ ಮರಿ ಒಳಗೆ ಮೊಟ್ಟೆ ಇಡೋ ಒಂದು ಸಣ್ಣ ಕಣಜ ಇದೆ, ಎನ್‌ಕಾರ್ಸಿಯಾ ಅಂತ. ಸಾಸಿವೆ ಕಾಳಿಗಿಂತ ಚಿಕ್ಕದು, ನಮ್ಮನ್ನ ಕಚ್ಚಲ್ಲ. 1993ರಲ್ಲಿ ಕೇರಳಕ್ಕೆ ಇದೇ ಕುಲದ ಇನ್ನೊಂದು ಸುರುಳಿ ಬಿಳಿನೊಣ ಬಂದಿತ್ತು, ಅದರ ಬೆನ್ನಿಗೇ ಕೆಲವು ವರ್ಷದಲ್ಲಿ ಈ ಕಣಜನೂ ತಾನಾಗೇ ಬಂದು ಸೇರ್ಕೊಂಡಿತ್ತು, ಈಗ ಈ ಹೊಸ ನೊಣಾನೂ ಅದು ಬಿಡಲ್ಲ. ನಾವು ವಿಷ ಹೊಡೆದಾಗ ನೊಣಕ್ಕೆ ಮೇಣದ ಪುಡಿ ರಕ್ಷಣೆ ಇರುತ್ತೆ, ಗರಿಯ ಅಡಿಯಲ್ಲಿ ಬಚ್ಚಿಟ್ಕೊಂಡಿರುತ್ತೆ, ಎಷ್ಟೋ ಉಳ್ಕೊಳುತ್ತೆ. ಕಣಜ ಮಾತ್ರ ಪೂರ್ತಿ ಸಾಯುತ್ತೆ. ಆಮೇಲೆ ನೊಣಕ್ಕೆ ಕೇಳೋರೇ ಇಲ್ಲ.

ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿ. ಕೈಗೆ ಸಿಗೋ ಒಂದು ಗರಿಯಿಂದ ನಾಲ್ಕು ಎಲೆ ಕಿತ್ತು, ಬಿಳಿ ಪುಡಿಯನ್ನ ಬಾಯಿಂದ ಮೆಲ್ಲಗೆ ಊದಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಅಥವಾ ಭೂತಗನ್ನಡಿ ಹಿಡಿದು ಅಡಿಭಾಗ ನೋಡಿ. ಚಪ್ಪಟೆಯಾಗಿ, ಹಳದಿ ಮಿಶ್ರಿತ ಬಿಳಿ ಬಣ್ಣದ ಸಣ್ಣ ಹೊಪ್ಪಳೆ ಥರ ಕೂತಿರೋದು ನೊಣದ ಕೋಶ. ಅದರ ಮಧ್ಯೆ ಕೆಲವು ಕಪ್ಪಗಿದ್ರೆ ಖುಷಿ ಪಡಿ, ಅದರೊಳಗೆ ಕಣಜ ಬೆಳೀತಿದೆ. ಖಾಲಿ ಸಿಪ್ಪೆಗಳನ್ನೂ ನೋಡಿ. ಬೆನ್ನ ಮೇಲೆ ಟಿ ಅಕ್ಷರದ ಹಾಗೆ ಸೀಳಿದ್ರೆ ಅಲ್ಲಿಂದ ಬಿಳಿನೊಣ ಎದ್ದು ಹೋಗಿದೆ, ಗುಂಡುಸೂಜಿಯಲ್ಲಿ ಚುಚ್ಚಿದಂಗೆ ದುಂಡಗಿನ ತೂತಿದ್ರೆ ಅಲ್ಲಿಂದ ಕಣಜ ಹೊರಗೆ ಬಂದಿದೆ. ನಾನು ಮೊದಲ ಸಲ ಆ ದುಂಡು ತೂತು ನೋಡಿದ ದಿನಾನೇ ಪಂಪ್ ಎತ್ತಿ ಅಟ್ಟಕ್ಕೆ ಹಾಕಿದ್ದು.

ಈಗ ಮಾಡಬೇಕಾದ್ದು. ಪೈಪ್‌ಗೆ ನಾಝಲ್ ಹಾಕಿ ಗರಿಯ ಅಡಿಗೆ ಜೋರಾಗಿ ನೀರು ಬಿಡಿ, ವಾರಕ್ಕೆ ಒಂದು ಸಲ. ಗಿಡ್ಡ ಮರ ಆದ್ರೆ ಇದೊಂದೇ ಅರ್ಧ ಕೆಲಸ ಮುಗಿಸುತ್ತೆ. ತುಂಬಾ ಜಾಸ್ತಿ ಇರೋ ಜಾಗಕ್ಕೆ ಮಾತ್ರ ಬೇವಿನ ಎಣ್ಣೆ, ಲೀಟರ್ ನೀರಿಗೆ 5 ಎಂಎಲ್. ಎಣ್ಣೆನ ಮೊದಲು ಸ್ವಲ್ಪ ಸೋಪಿನ ನೀರಲ್ಲಿ ಚೆನ್ನಾಗಿ ಕದಡಿ ಹಾಲಿನ ಥರ ಮಾಡ್ಕೊಂಡು ಆಮೇಲೆ ಉಳಿದ ನೀರು ಸೇರಿಸ್ಬೇಕು, ಇಲ್ಲಾಂದ್ರೆ ಎಣ್ಣೆ ಮೇಲೆ ತೇಲುತ್ತೆ, ಒಂದು ಎಲೆಗೆ ಬರೀ ನೀರು ಇನ್ನೊಂದಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತೆ. ಸಂಜೆ ಹೊತ್ತು ಹೊಡೀರಿ, ಬಿಸಿಲಲ್ಲಿ ಬೇಡ. ಮಸಿ ಹೋಗ್ಬೇಕಾದ್ರೆ ತೆಳು ಗಂಜಿ ಸಿಂಪಡಿಸಿ, ಲೀಟರಿಗೆ 10 ಗ್ರಾಂ ಸ್ಟಾರ್ಚ್ ಸಾಕು. ಒಣಗಿದಾಗ ಪದರ ಪದರವಾಗಿ ಏಳುತ್ತೆ, ಜೊತೆಗೆ ಮಸೀನೂ ಕಿತ್ಕೊಂಡು ಬರುತ್ತೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳೋದೂ ಇದೇ, ವಿಷ ಬೇಡ, ನೀರು, ಗಂಜಿ, ಬೇವಿನೆಣ್ಣೆ, ಕಣಜ.

ಮಳೆ ಹಿಡಿದ ಮೇಲೆ ತಾನಾಗೇ ಕಮ್ಮಿ ಆಗುತ್ತೆ, ಒಣ ಬೇಸಿಗೆಯಲ್ಲಿ ಮತ್ತೆ ಏರುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ನಮ್ಮಲ್ಲಿ ಈಗಲೂ ಇದೆ, ಆದ್ರೆ ಗರಿ ಹಸಿರಾಗಿದೆ.

ಉತ್ತರ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಸೀಬೆ ಮರಕ್ಕೆ ನಾವು ವಿಷ ಹೊಡೆಸಿದ ಮಾರನೇ ದಿನ ಮರದ ಬುಡದಲ್ಲಿ ಗುಲಗಂಜಿ ಹುಳಗಳು (ಲೇಡಿಬರ್ಡ್, ಇಂಥ ಕೀಟಗಳನ್ನ ತಿನ್ನೋ ದುಂಬಿ) ಕಾಲು ಮೇಲೆ ಮಾಡಿ ರಾಶಿ ಬಿದ್ದಿದ್ವು. ಅವತ್ತು ಗುಡಿಸಿ ಎಸೆದೆ. ಆ ವರ್ಷ ಪೂರ್ತಿ ಸೀಬೆ ತುಂಬಾ ಬಿಳಿನೊಣಾನೇ, ಜೇನ್ನೊಣ ಮಾತ್ರ ಒಂದೂ ಇಲ್ಲ. ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಉರಿಯುತ್ತೆ. ಬಾವಿ ಪಕ್ಕದಲ್ಲಂತೂ ದಯವಿಟ್ಟು ಬೇಡ.

ಉತ್ತರ:
ಪಪ್ಪಾಯದ್ದು ನಾನ್ ಹೇಳ್ತೀನಿ ಅಕ್ಕ. ಅದು ಹಿಟ್ಟುತಿಗಣೆ, ಇದೂ ಹೊರಗಿನಿಂದ ಬಂದಿದ್ದೇ, ಮೂಲ ಮೆಕ್ಸಿಕೋ. ನಮ್ಮಲ್ಲಿ 2008ರಲ್ಲಿ ಕೊಯಮತ್ತೂರು ಕಡೆ ಮೊದಲು ಸಿಕ್ಕಿದ್ದು, ಎರಡೇ ವರ್ಷದಲ್ಲಿ ಪಪ್ಪಾಯ, ಹಿಪ್ಪುನೇರಳೆ, ದಾಸವಾಳ ಎಲ್ಲ ಹಾಳು ಮಾಡ್ತು, ರೇಷ್ಮೆ ಬೆಳೆಯೋರು ಎಷ್ಟು ಕಷ್ಟಪಟ್ರು ಅಂತ ಆಗ ಕಣ್ಣಾರೆ ನೋಡಿದೀನಿ. ಎಷ್ಟು ವಿಷ ಹೊಡೆದ್ರೂ ಬಗ್ಗಲಿಲ್ಲ. ಕೊನೆಗೆ 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು, ಈಗ ಎನ್‌ಬಿಎಐಆರ್ ಅಂತಾರಲ್ಲ ಅವರು, ಪೋರ್ಟೊರಿಕೋದಿಂದ ಮೂರು ಜಾತಿ ಕಣಜ ತರಿಸಿ, ಬೆಳೆಸಿ, ರೈತರ ತೋಟಗಳಿಗೆ ಬಿಟ್ರು. ಅದರಲ್ಲಿ ಅಸೆರೋಫೇಗಸ್ ಅನ್ನೋದು ಎಲ್ಲಾ ಕಡೆ ನೆಲೆಯೂರ್ತು, ಒಂದೆರಡು ವರ್ಷದಲ್ಲಿ ತಿಗಣೆ ಹತೋಟಿಗೆ ಬಂತು. ಈಗ ನಮ್ಮ ಹಿತ್ತಲುಗಳಲ್ಲೂ ಆ ಕಣಜ ಇರುತ್ತೆ, ನಾವು ಕೊಲ್ಲದಿದ್ರೆ ಸಾಕು.

ಇಲ್ಲಿ ಎಲ್ರೂ ಮಾಡೋ ಒಂದು ತಪ್ಪಿದೆ, ದಯವಿಟ್ಟು ಗಮನ ಇಟ್ಟು ಓದಿ. ಹಿಟ್ಟುತಿಗಣೆ ತಿನ್ನೋ ಒಂದು ಗುಲಗಂಜಿ ಹುಳ ಇದೆ, ಕ್ರಿಪ್ಟೋಲೇಮಸ್ ಅಂತ, ಆಸ್ಟ್ರೇಲಿಯಾದ್ದು, 1898ರಷ್ಟು ಹಿಂದೇನೇ ಕಾಫಿ ಗಿಡದ ಶಲ್ಕಕೀಟಕ್ಕೆ (ಗಿಡಕ್ಕೆ ಅಂಟ್ಕೊಂಡು ರಸ ಹೀರೋ ಹುಳ) ಅಂತ ನಮ್ಮ ದೇಶಕ್ಕೆ ತಂದಿದ್ರು. ದೊಡ್ಡ ಹುಳ ಕಪ್ಪಗಿರುತ್ತೆ, ತಲೆ ಕಡೆ ಕಿತ್ತಳೆ ಬಣ್ಣ, ಗುರುತು ಹಿಡಿಯೋದು ಸುಲಭ. ಆದ್ರೆ ಅದರ ಮರಿ ಇದೆಯಲ್ಲ, ಅದರ ಮೈ ತುಂಬಾ ಬಿಳಿ ಮೇಣದ ಎಳೆ, ನೋಡೋಕೆ ಥೇಟ್ ಹಿಟ್ಟುತಿಗಣೆ! ಜನ ಇದೇನು ಇಷ್ಟು ದೊಡ್ಡ ತಿಗಣೆ ಅಂತ ಮೊದಲು ಅದನ್ನೇ ಉಜ್ಜಿ ಸಾಯಿಸ್ತಾರೆ. ವ್ಯತ್ಯಾಸ ಹೇಳ್ತೀನಿ: ಒಂದು ಕಡ್ಡಿ ತಗೊಂಡು ಮೆಲ್ಲಗೆ ಮುಟ್ಟಿ. ತಿಗಣೆ ಆದ್ರೆ ಕೂತಲ್ಲೇ ಕೂತಿರುತ್ತೆ, ಅಬ್ಬಬ್ಬಾ ಅಂದ್ರೆ ನಿಧಾನಕ್ಕೆ ತೆವಳುತ್ತೆ. ಗುಲಗಂಜಿ ಮರಿ ಆದ್ರೆ ಸರಸರ ಓಡುತ್ತೆ, ಸೈಜೂ ತಿಗಣೆಗಿಂತ ಎರಡು ಮೂರು ಪಟ್ಟು ದೊಡ್ಡದು, ಅದರ ಎಳೆಗಳು ಉದ್ದ, ಕೆದರಿದ ಉಣ್ಣೆ ಥರ. ಅದು ಕಂಡ್ರೆ ಆ ಗಿಡದ ತಂಟೆಗೇ ಹೋಗ್ಬೇಡಿ.

ಇನ್ನೊಂದು ಇರುವೆ. ತಿಗಣೆಯ ಸಿಹಿ ಅಂಟಿಗೆ ಇರುವೆ ಬರುತ್ತೆ, ಬಂದು ತಿಗಣೆನ ಕಾಯುತ್ತೆ, ಕಣಜ ಹತ್ರ ಬಂದ್ರೆ ಓಡಿಸುತ್ತೆ. ಪಪ್ಪಾಯ ಕಾಂಡಕ್ಕೆ ಒಂದಡಿ ಎತ್ತರದಲ್ಲಿ ಹಳೇ ಬಟ್ಟೆ ಪಟ್ಟಿ ಸುತ್ತಿ ಆ ಬಟ್ಟೆ ಮೇಲೆ ಗ್ರೀಸ್ ಹಚ್ಚಿ. ಸೀದಾ ತೊಗಟೆಗೆ ಹಚ್ಬೇಡಿ, ಕಾಂಡ ಕೊಳೆಯುತ್ತೆ. ಪಕ್ಕದ ಗಿಡದ ಎಲೆ ತಗಲ್ತಿದ್ರೆ ಕತ್ತರಿಸಿ, ಇಲ್ಲಾಂದ್ರೆ ಇರುವೆ ಆ ಸೇತುವೆ ಮೇಲಿಂದ ಬರುತ್ತೆ. ನಮ್ಮಲ್ಲಿ ಬರೀ ಇಷ್ಟು ಮಾಡಿದ್ದಕ್ಕೇ ಒಂದೂವರೆ ತಿಂಗಳಲ್ಲಿ ಸುಳಿ ಬಿಚ್ಕೊಂಡು ಹೊಸ ಎಲೆ ಬಂತು. ತೀರಾ ಮೆತ್ಕೊಂಡಿರೋ ಎಲೆ, ಕಾಯಿ ಮಾತ್ರ ಕಿತ್ತು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ ಬಿಸಿಲಲ್ಲಿ ಇಡಿ, ಬೇಲಿ ಆಚೆ ಎಸೆದ್ರೆ ಅಲ್ಲಿಂದ ವಾಪಸ್ ಬರುತ್ತೆ. ಬೇಲಿ ಪಕ್ಕ ಪಾರ್ಥೇನಿಯಂ ಬೆಳೆದಿದ್ರೆ ಅದನ್ನೂ ಕೀಳಿ, ಈ ತಿಗಣೆ ಅದರಲ್ಲೂ ಬದುಕುತ್ತೆ.

ಉತ್ತರ:
ಲಾನ್ ಬಗ್ಗೆ ಯಾರೂ ಬರೀಲಿಲ್ಲ. ಒಣಗಿದ ಜಾಗದ ಅಂಚಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಎಳೀರಿ. ಚಾಪೆ ಸುತ್ತಿದಂಗೆ ಬೇರಿಲ್ಲದೆ ಎದ್ದು ಬಂದ್ರೆ ಅದು ಗೊಣ್ಣೆ ಹುಳದ ಕೆಲಸ. ಕಾಗೆ, ಗೊರವಂಕ ಬಂದು ಕೆದಕ್ತಿದ್ರೂ ಅದೇ ಅಂತ ಲೆಕ್ಕ. ಒಂದಡಿ ಚೌಕದಷ್ಟು ಜಾಗ ಮೂರ್ನಾಲ್ಕು ಇಂಚು ಆಳ ಎಬ್ಬಿಸಿ, ಕಂದು ತಲೆ, ಬಿಳಿ ಮೈ, ಮುದುಡ್ಕೊಂಡು ಮಲಗಿರೋ ಹುಳ ಎಷ್ಟಿದೆ ಎಣಿಸಿ. ಒಂದೆರಡು ಇದ್ರೆ ಬಿಟ್ಬಿಡಿ. ಎಂಟು ಹತ್ತು ದಾಟಿದ್ರೆ ಕೆಲಸ ಶುರು ಮಾಡಿ: ಮೆಟಾರೈಜಿಯಂ ಅನ್ನೋ ಶಿಲೀಂಧ್ರದ ಪುಡಿಯನ್ನ ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ನೆಲ ಒದ್ದೆ ಮಾಡಿ, ಸಂಜೆ ಹೊತ್ತು ಹರಡಿ, ಮತ್ತೆ ನೀರು ಕೊಡಿ. ಬಿಸಿಲು ಬಿದ್ರೆ ಆ ಶಿಲೀಂಧ್ರ ಸಾಯುತ್ತೆ. ಇದು ವಾರದಲ್ಲಿ ರಿಸಲ್ಟ್ ಕೊಡೋದಲ್ಲ, ತಾಳ್ಮೆ ಬೇಕು. ಮೊದಲ ಮಳೆ ಬಿದ್ದ ಸಂಜೆ ಈ ಗೊಣ್ಣೆ ಹುಳ ಬೆಳೆದು ಆದ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಕ್ಕೆ ಹೋಗ್ತವೆ, ಆಗ ಕೊಂಬೆ ಅಲ್ಲಾಡಿಸಿ ಬಿದ್ದಿದ್ದನ್ನ ಸೋಪಿನ ನೀರಿಗೆ ಹಾಕಿದ್ರೆ ಮುಂದಿನ ವರ್ಷದ ಅರ್ಧ ತೊಂದ್ರೆ ಅಲ್ಲೇ ತಪ್ಪುತ್ತೆ.

ಬೇರು ಗಟ್ಟಿಯಾಗಿದ್ದು ಹುಲ್ಲಿನ ತುದಿ ಮಾತ್ರ ಮೇಯ್ದಂಗೆ ಇದ್ರೆ ಅದು ಬೇರೆ. ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಆ ಜಾಗಕ್ಕೆ ಸುರೀರಿ, ಹತ್ತು ನಿಮಿಷದಲ್ಲಿ ಮರಿಹುಳ ಇದ್ರೆ ಮೇಲೆ ಬರುತ್ತೆ. ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಕಡೆ ಚೌಕದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ರೆ ಅದು 2018ರಲ್ಲಿ ಶಿವಮೊಗ್ಗ ಕಡೆ ಮುಸುಕಿನ ಜೋಳಕ್ಕೆ ಬಿದ್ದು ಆಮೇಲೆ ದೇಶ ಪೂರ್ತಿ ಹರಡ್ತಲ್ಲ, ಆ ಸೈನಿಕ ಹುಳ. ಅದು ಹುಲ್ಲನ್ನೂ ತಿನ್ನುತ್ತೆ. ಸಣ್ಣ ಲಾನ್ ಆದ್ರೆ ಕೈಯಲ್ಲಿ ಆರಿಸಿ ತೆಗೆದ್ರೂ ಮುಗೀತು.

ಎರಡೂ ಇಲ್ಲ ಅಂದ್ರೆ ನೀರು ಸಾಲ್ತಿಲ್ಲ ಅಥವಾ ಜಾಸ್ತಿ ಆಗಿದೆ, ಹುಳದ ಮೇಲೆ ಹಾಕ್ಬೇಡಿ.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸ್ಪ್ರೇಯವರಿಗೆ ಬರಬೇಡಿ ಅಂತ ಫೋನ್ ಮಾಡಿಬಿಟ್ಟೆ. ಬೆಳಿಗ್ಗೆ ಮಗಳ ಜೊತೆ ಗರಿ ಎಲೆ ಕಿತ್ತು ನೋಡಿದ್ವಿ. ಬಾವಿ ಪಕ್ಕದ ಮರದಲ್ಲಿ ಕಪ್ಪು ಕೋಶಗಳು ಸಿಕ್ಕಿದ್ವು, ಒಂದು ಎಲೆಯಲ್ಲಿ ಇಪ್ಪತ್ತಮೂರು ಎಣಿಸಿದ್ಲು, ದುಂಡು ತೂತಿರೋವೂ ಇದ್ವು. ಆದ್ರೆ ಗೇಟ್ ಹತ್ರದ ಎರಡು ಮರದಲ್ಲಿ ಒಂದೂ ಕಪ್ಪಿಲ್ಲ, ಎಲ್ಲ ಬಿಳಿನೇ. ಆ ಮರಗಳಿಗೆ ಏನ್ ಮಾಡ್ಲಿ? ಲಾನ್ ಕಿತ್ತು ನೋಡಿದೆ, ಹುಳ ಮೂರೇ ಸಿಕ್ಕಿದ್ದು.

ಉತ್ತರ:
ಮೇಡಂ, ಹಾಗಾದ್ರೆ ನಿಮ್ಮ ಔಷಧಿ ನಿಮ್ಮ ಬಾವಿ ಪಕ್ಕಾನೇ ಇದೆ. ಕಪ್ಪು ಕೋಶ ಜಾಸ್ತಿ ಇರೋ, ಇನ್ನೂ ತೂತು ಬೀಳದ ಎಲೆಗಳನ್ನ ಆರಿಸ್ಕೊಂಡು ಗೇಣುದ್ದ ತುಂಡು ಮಾಡಿ. ತೂತು ಬಿದ್ದಿರೋದು ಬೇಡ, ಅದರೊಳಗೆ ಏನೂ ಇರಲ್ಲ. ಆ ತುಂಡುಗಳನ್ನ ಗೇಟ್ ಹತ್ರದ ಮರಗಳ ಕೆಳಗಿನ ಗರಿಗೆ, ಬಿಳಿನೊಣ ಜಾಸ್ತಿ ಇರೋ ಕಡೆ, ಅಡಿಭಾಗಕ್ಕೆ ಸ್ಟೇಪ್ಲರ್ ಹೊಡೆದು ಅಥವಾ ದಾರದಲ್ಲಿ ಕಟ್ಟಿಬಿಡಿ. ಮರಕ್ಕೆ ನಾಲ್ಕೈದು ತುಂಡು ಸಾಕು. ನಿಮ್ಮ ಹಿತ್ತಲ ಎಲೆ ನಿಮ್ಮ ಹಿತ್ತಲಿಗೇ, ಬೇರೆ ಊರಿಂದ ಎಲೆ ತರೋದು, ಬೇರೆ ಊರಿಗೆ ಕಳ್ಸೋದು ಎರಡೂ ಬೇಡ, ಈ ನೊಣ ಹೊಸ ಜಾಗಕ್ಕೆ ಹೋಗೋದೇ ಹಂಗೆ. ನರ್ಸರಿಯಿಂದ ಸಸಿ ತರುವಾಗಲೂ ಎಲೆ ತಿರುಗಿಸಿ ನೋಡಿ ತನ್ನಿ.

ಕಟ್ಟಿದ ಮೇಲೆ ಆ ಎರಡು ಮರಕ್ಕೆ ಒಂದು ತಿಂಗಳು ಬೇವಿನೆಣ್ಣೆನೂ ಬೇಡ, ಜೋರು ನೀರೂ ಬೇಡ. ಹಳದಿ ಅಂಟು ಕಾರ್ಡ್ ನೇತು ಹಾಕಿದ್ರೆ ಆ ಮರಗಳಿಂದ ತೆಗೀರಿ, ಕಣಜನೂ ಅದಕ್ಕೆ ಅಂಟ್ಕೊಳುತ್ತೆ. ಗಾಡಿನ ಅಲ್ಲಿವರೆಗೆ ಬೇರೆ ಕಡೆ ನಿಲ್ಸಿ. ಒಂದು ಗರಿಗೆ ಕೆಂಪು ದಾರ ಕಟ್ಟಿ ಗುರುತು ಇಟ್ಕೊಂಡು, ಹದಿನೈದು ದಿನಕ್ಕೊಂದ್ಸಲ ಅದೇ ಗರಿಯಿಂದ ಎರಡು ಎಲೆ ಕಿತ್ತು ಕಪ್ಪೆಷ್ಟು ಬಿಳಿಯೆಷ್ಟು ಅಂತ ಮಗಳ ಕೈಲೇ ಎಣಿಸಿ ಬರೆಸಿ. ಮೂರನೇ ಸಲ ಎಣಿಸಿದಾಗ ಎಷ್ಟು ಬಂತು ಅಂತ ಇಲ್ಲೇ ಹಾಕಿ, ನಾನು ನೋಡ್ತಿರ್ತೀನಿ.