40 ಸಾವಿರದಲ್ಲಿ ಗೇಮಿಂಗ್ ಪಿಸಿ: ಅಂಗಡಿಯವರು ಹೇಳಿದ ಐ7 ತಗೋಬಹುದಾ?

ಹೊನ್ನಾಳಿ_ಹೈದ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಇ ಎರಡನೇ ವರ್ಷ ಓದುತ್ತಿದ್ದೇನೆ. ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಬೇಕು, ಕೈಯಲ್ಲಿರೋದು 40 ಸಾವಿರ. ಅದರ ಮೇಲೆ ಒಂದು ರೂಪಾಯಿಯೂ ಮನೆಯಲ್ಲಿ ಕೇಳೋ ಹಾಗಿಲ್ಲ. ಅಣ್ಣ ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ಮಾನಿಟರ್ (24 ಇಂಚು, 1080ಪಿ), ಕೀಬೋರ್ಡ್, ಮೌಸ್ ನನಗೇ ಬಿಟ್ಟು ಹೋಗಿದ್ದಾನೆ. ಹಾಗಾಗಿ ಸಿಪಿಯು ಮಾತ್ರ ಬೇಕು. ಆಡೋದು ವಾಲರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5. ಕಾಲೇಜಿನ ಕೋಡಿಂಗ್ ಕೂಡ ಅದರಲ್ಲೇ.

ಇಲ್ಲೊಂದು ಅಂಗಡಿಯಲ್ಲಿ ಕೇಳಿದೆ. "ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಲೈಟ್ ಇರೋ ಕ್ಯಾಬಿನೆಟ್, ಎಲ್ಲಾ ಸೇರಿ 28 ಸಾವಿರ, ನಾಳೆನೇ ರೆಡಿ" ಅಂದರು. ಕೊಟೇಶನ್ ಚೀಟಿಯಲ್ಲಿ ಐ7-3770, ಎಚ್61 ಬೋರ್ಡ್, ಜಿಟಿ 730 ಅಂತ ಬರೆದಿದೆ. 12 ಸಾವಿರ ಉಳಿಯುತ್ತದೆ ಅಂತ ಆಸೆ, ಆದರೆ ಐ7 ಇಷ್ಟು ಕಮ್ಮಿಗೆ ಹೇಗೆ ಅಂತ ಅನುಮಾನ. ತಗೋಬಹುದಾ?

ಸ್ಕ್ರೂಡ್ರೈವರ್

ದಯವಿಟ್ಟು ತಗೋಬೇಡಿ. ನಿಮ್ಮ ಅನುಮಾನ ಸರಿ ಇದೆ.

ಐ7 ಅನ್ನೋ ಹೆಸರು ನೋಡಬೇಡಿ, ಮುಂದಿನ ನಂಬರ್ ನೋಡಿ. 3770 ಅಂದರೆ ಮೂರನೇ ಜನರೇಶನ್, 2012ರಲ್ಲಿ ಬಂದಿದ್ದು. ಆ ಕಾಲಕ್ಕೆ ಒಳ್ಳೆ ಪ್ರೊಸೆಸರೇ. ಆದರೆ ಅದರಲ್ಲಿ ಎವಿಎಕ್ಸ್2 ಅನ್ನೋ ಸೌಲಭ್ಯ ಇಲ್ಲ, ಈಗ ಬರುವ ಕೆಲವು ಗೇಮ್‌ಗಳು ಅದಿಲ್ಲದೆ ಶುರುವೇ ಆಗುವುದಿಲ್ಲ. ಇನ್ನು ನಿಮ್ಮ ಮುಖ್ಯ ಗೇಮ್ ವಾಲರಂಟ್ ಅಲ್ವಾ? ವಿಂಡೋಸ್ 11ರಲ್ಲಿ ಅದು ಓಡಬೇಕಾದರೆ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಪಿಸಿ ಶುರುವಾಗುವಂತೆ ನೋಡುವ ಸೆಟ್ಟಿಂಗ್) ಎರಡೂ ಬೇಕೇ ಬೇಕು. ಎಚ್61 ಬೋರ್ಡಿನಲ್ಲಿ ಟಿಪಿಎಂ 2.0 ಎಲ್ಲಿಂದ ಬರಬೇಕು? ವಿಂಡೋಸ್ 10 ಹಾಕಿಕೊಡ್ತೀವಿ ಅಂತಾರೆ, ಅದಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಲ್ಲಿಸಿದೆ. ಜಿಟಿ 730 ಕೂಡ 2014ರ ಕಾರ್ಡು. 4 ಜಿಬಿ ಇದ್ದ ಮಾತ್ರಕ್ಕೆ ಗೇಮ್ ಓಡುವುದಿಲ್ಲ, ಆ ಮೆಮೊರಿ ಓದುವ ದಾರಿಯೇ ಇಕ್ಕಟ್ಟು. ಇವತ್ತಿನ ಪ್ರೊಸೆಸರ್ ಒಳಗೇ ಬರುವ ಗ್ರಾಫಿಕ್ಸ್ ಅದಕ್ಕಿಂತ ವಾಸಿ.

ನನ್ನ ಸಲಹೆ: ಈಗ ಗ್ರಾಫಿಕ್ಸ್ ಕಾರ್ಡ್ ತಗೋಬೇಡಿ. ರೈಝನ್ 5 5600ಜಿ ತಗೊಳ್ಳಿ, 6 ಕೋರ್, 12 ಥ್ರೆಡ್, ಒಳಗೆ ವೇಗಾ ಗ್ರಾಫಿಕ್ಸ್ ಇದೆ. 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿಕೊಂಡರೆ ನೀವು ಹೇಳಿದ ಮೂರೂ ಗೇಮ್ ಆಡಬಹುದು. ಜೊತೆಗೆ ಬಿ550 ಬೋರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೆ ಕಂಪನಿಯ 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮುಂದೆ ದುಡ್ಡಾದಾಗ ಕಾರ್ಡ್ ಒಂದನ್ನು ಸಿಕ್ಕಿಸಿದರೆ ಸಾಕು, ಬೇರೆ ಏನನ್ನೂ ಬಿಚ್ಚಿ ಬಿಸಾಕಬೇಕಾಗಿಲ್ಲ. ಕಮ್ಮಿ ದುಡ್ಡಿನಲ್ಲಿ ಕಟ್ಟುವಾಗ ನಾನು ನೋಡೋದು ಅದೊಂದನ್ನೇ: ಇವತ್ತು ಕೊಂಡದ್ದು ನಾಳೆ ಕೊಳ್ಳುವುದಕ್ಕೆ ಅಡ್ಡ ಬರಬಾರದು.

ರ‍್ಯಾಮ್ ವಿಷಯ ಸ್ವಲ್ಪ ಗಮನ ಇಟ್ಟು ಓದಿ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ನಿಮ್ಮ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅದಕ್ಕೇ 16 ಜಿಬಿಯ ಒಂದು ಸ್ಟಿಕ್ ಬೇಡ, 8 ಜಿಬಿಯ ಎರಡು ಹಾಕಿ. ಒಂದೇ ಹಾಕಿದರೆ ಡೇಟಾ ಹೋಗಿಬರುವ ದಾರಿ ಅರ್ಧಕ್ಕೆ ಇಳಿಯುತ್ತದೆ, ಗೇಮ್‌ನಲ್ಲಿ ಅದು ಕಣ್ಣಿಗೇ ಕಾಣುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗುತ್ತಿರೋದೇ ಕಾರಣ. ಬಜೆಟ್ ಮೀರುತ್ತೆ ಅನ್ನಿಸಿದರೆ ಡಿಡಿಆರ್4 ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ರ‍್ಯಾಮ್ ಸುಲಭಕ್ಕೆ ಕೆಡುವ ವಸ್ತು ಅಲ್ಲ. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ನೋಡಿ, ಒಂದೂ ಎರರ್ ಬರಲಿಲ್ಲ ಅಂದರೆ ಧೈರ್ಯವಾಗಿ ಬಳಸಿ.

ಕುಂದಾಪ್ರ_ಗೇಮರ್

3770 ಬೇಡ ಅನ್ನೋದಕ್ಕೆ ನನ್ನದೂ ಒಪ್ಪಿಗೆ. ಆದರೆ 5600ಜಿ ಬಗ್ಗೆ ತಕರಾರಿದೆ.

ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಮಾಮೂಲಿ 5600ರಲ್ಲಿ 32 ಎಂಬಿ. ನಾಳೆ ಕಾರ್ಡ್ ಹಾಕಿದಾಗ ಗೇಮಿಂಗ್‌ನಲ್ಲಿ 5600ಜಿ ಹಿಂದೆ ಬೀಳುತ್ತದೆ. ಮೇಲಾಗಿ ಅದರಲ್ಲಿ ಪಿಸಿಐಇ (ಕಾರ್ಡಿಗೆ ಡೇಟಾ ಹೋಗುವ ದಾರಿ) ಹಳೆಯ 3.0 ಅಷ್ಟೇ. ನಾನಾಗಿದ್ದರೆ ಐ3-12100ಎಫ್, ಎಚ್610 ಬೋರ್ಡ್ ತಗೊಂಡು, ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಹುಡುಕುತ್ತಿದ್ದೆ. 8 ಜಿಬಿ ಕಾರ್ಡು, 132 ವ್ಯಾಟ್ ಅಷ್ಟೇ ಎಳೆಯುತ್ತದೆ, 1080ಪಿಗೆ ಧಾರಾಳ ಸಾಕು. ಗೇಮಿಂಗ್ ಪಿಸಿ ಅಂದ ಮೇಲೆ ದುಡ್ಡು ಕಾರ್ಡಿಗೇ ಹೋಗಬೇಕು. ಒಂದು ನೆನಪಿರಲಿ: ಎಫ್ ಇರುವ ಇಂಟೆಲ್ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಇಲ್ಲದಿದ್ದರೆ ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್‌ಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬನ್ನಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು. ಭಾನುವಾರ ಬೇಡ, ಜಾಸ್ತಿ ಅಂಗಡಿ ಮುಚ್ಚಿರುತ್ತವೆ. ಮೊದಲ ಅಂಗಡಿಯಲ್ಲೇ ದುಡ್ಡು ಕೊಡಬೇಡಿ, ನಾಲ್ಕು ಕಡೆ ರೇಟ್ ಕೇಳಿ. ಕಾರ್ಡನ್ನು ಅಲ್ಲೇ ಸಿಸ್ಟಮ್‌ಗೆ ಹಾಕಿಸಿ, ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) ಎಷ್ಟಿದೆ ನೋಡಿ. ಆರ್‌ಎಕ್ಸ್ 580 ಅಂತ ಮಾರುವ ಎಷ್ಟೋ ಕಾರ್ಡಿನಲ್ಲಿ 2304 ಇರಬೇಕಾದ ಕಡೆ 2048 ಇರುತ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಕೆಲಸ ಕೊಡುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹಾಕಿ ಒಂದು ಕಾಲು ಗಂಟೆ ನಿಂತು ನೋಡಿ. ಫ್ಯಾನ್ ಕರಕರ ಅನ್ನುತ್ತದಾ, ಸ್ಕ್ರೀನ್ ಮೇಲೆ ಚುಕ್ಕಿ ಬರುತ್ತದಾ ಅಂತ. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡ್ ಓಡಿಸಿ ಕ್ರಿಪ್ಟೋ ನಾಣ್ಯ ಗಳಿಸುವ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರ್ಕೆಟ್ಟಿಗೆ ರಾಶಿ ಬಿದ್ದವು, ಅವು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ.

ಸ್ಕ್ರೂಡ್ರೈವರ್

@ಕುಂದಾಪ್ರ_ಗೇಮರ್ ಕ್ಯಾಶ್ ವಿಷಯ ನಿಜ. ಆದರೆ ಈ ಹುಡುಗನ ಹತ್ತಿರ ಇರೋದೇ 40 ಸಾವಿರ. ವಾರಂಟಿ ಇಲ್ಲದ ಕಾರ್ಡ್ ಮೇಲೆ ಅದರಲ್ಲಿ ದೊಡ್ಡ ಪಾಲು ಸುರಿದು, ಎರಡು ತಿಂಗಳಿಗೆ ಅದು ಕೈಕೊಟ್ಟರೆ ಎಫ್ ಪ್ರೊಸೆಸರ್ ಇಟ್ಟುಕೊಂಡು ಕಾಲೇಜ್ ಅಸೈನ್‌ಮೆಂಟ್ ಕೂಡ ಮಾಡೋಕಾಗಲ್ಲ. 5600ಜಿ ಆದರೆ ಕಾರ್ಡ್ ಕೆಟ್ಟರೂ ಪಿಸಿ ನಡೆಯುತ್ತದೆ. ಮುಂದೆ ಸಾಲದು ಅನ್ನಿಸಿದರೆ ಅದೇ ಎಎಂ4 ಸಾಕೆಟ್ ಬೋರ್ಡಿಗೆ 5700ಎಕ್ಸ್ ಪ್ರೊಸೆಸರ್ ಕೂರಿಸಿ ಇದನ್ನು ಮಾರಬಹುದು. ಪಿಸಿಐಇ 3.0 ಇದ್ದರೂ 6600ಕ್ಕೆ ಅಷ್ಟೇನೂ ಏಟು ಬೀಳಲ್ಲ. 6500 ಎಕ್ಸ್‌ಟಿ ಮಾತ್ರ ಬೇಡ, ಅದಕ್ಕೆ ಪಿಸಿಐಇ ದಾರಿಯಲ್ಲಿ ನಾಲ್ಕೇ ಲೇನು.

ರಾತ್ರಿಪಾಳಿ

ನಾನು ಸಿಸ್ಟಮ್ ಸರ್ವಿಸ್ ಕೆಲಸ ಮಾಡುವವನು. ಪ್ರೊಸೆಸರ್ ಯಾವುದಾದರೂ ತಗೊಳ್ಳಿ ತಮ್ಮಾ, ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡ. ಕಮ್ಮಿ ರೇಟಿನ ಡಬ್ಬದ ಮೇಲೆ 450 ವ್ಯಾಟ್ ಅಂತ ದಪ್ಪಗೆ ಬರೆದಿರುತ್ತದೆ. ಪಕ್ಕದಲ್ಲಿರುವ ಸ್ಟಿಕ್ಕರ್ ಓದು. ಅಲ್ಲಿ 12 ವೋಲ್ಟ್ ಸಾಲಿನಲ್ಲಿ 18 ಆಂಪಿಯರ್ ಅಂತ ಇದ್ದರೆ ಎರಡನ್ನೂ ಗುಣಿಸು, 216 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನೋದು ಆ ಸಾಲಿನಿಂದಲೇ. 80 ಪ್ಲಸ್ ಬ್ರಾಂಜ್ (ಕರೆಂಟ್ ಎಷ್ಟು ಕಮ್ಮಿ ವ್ಯರ್ಥ ಮಾಡುತ್ತದೆ ಅನ್ನೋ ರೇಟಿಂಗ್) ಇರೋದು ತಗೋ. ಲೈಟ್ ಇರುವ ಕ್ಯಾಬಿನೆಟ್‌ಗೆ ಕೊಡುವ ದುಡ್ಡನ್ನು ಇಲ್ಲಿಗೆ ಹಾಕು.

ನಿಮ್ಮ ಕಡೆ ಕರೆಂಟ್ ಹೋಗಿ ಬರುತ್ತಿದ್ದರೆ ಒಂದು ಯುಪಿಎಸ್ ಬೇಕು. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದ ನಿನ್ನ ಸಿಸ್ಟಮ್‌ಗೆ ಸಾಕು, ಮುಂದೆ 6600 ಹಾಕಿದರೂ ಶಟ್‌ಡೌನ್ ಮಾಡುವಷ್ಟು ಟೈಮ್ ಸಿಗುತ್ತದೆ. ಬಜೆಟ್‌ನಲ್ಲಿ ಈಗ ಆಗದಿದ್ದರೆ ಕಾರ್ಡ್‌ಗಿಂತ ಮುಂಚೆ ಇದನ್ನು ತಗೋ. ಎಲ್ಲಕ್ಕಿಂತ ಮೊದಲು ಅರ್ಥಿಂಗ್ ಚೆಕ್ ಮಾಡಿಸು. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುವ ಮನೆಗಳನ್ನು ದಿನಾ ನೋಡುತ್ತೇನೆ, ಮೂರನೇ ಪಿನ್‌ಗೆ ವೈರೇ ಇರುವುದಿಲ್ಲ.

ಎಲ್ಲದಕ್ಕೂ ಬಿಲ್ ಹಾಕಿಸು. ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ಆಸೆ ತೋರಿಸುತ್ತಾರೆ. ಬಿಲ್ ಇಲ್ಲದೆ ವಾರಂಟಿ ಕೇಳಲು ಹೋದರೆ ಯಾರೂ ಮಾತಾಡಿಸಲ್ಲ.

ಹೊನ್ನಾಳಿ_ಹೈದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 28 ಸಾವಿರದ ಐ7 ಬೇಡ ಅಂತ ಆ ಅಂಗಡಿಗೆ ಹೇಳಿ ಬಂದೆ. 5600ಜಿ ಅಂತಲೇ ನಿರ್ಧಾರ ಮಾಡಿದ್ದೇನೆ, ಕಾರ್ಡ್ ಮುಂದಿನ ವರ್ಷ ನೋಡೋಣ. ಜೋಡಿಸೋದು ನಾನೇ. ಬೋರ್ಡಿನಲ್ಲಿ ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇವೆ, ಎರಡು ಸ್ಟಿಕ್ ಎಲ್ಲಿ ಹಾಕಬೇಕು? ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಮೆನು) ಏನಾದರೂ ಮಾಡಬೇಕಾ?

ಸ್ಕ್ರೂಡ್ರೈವರ್

ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು ಮತ್ತು ನಾಲ್ಕನೇದು. ಪಕ್ಕಪಕ್ಕ ಹಾಕಬೇಡಿ. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಒಮ್ಮೆ ನೋಡಿಕೊಳ್ಳಿ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಕೆಲವು ಬೋರ್ಡ್‌ನಲ್ಲಿ ಡಿಒಸಿಪಿ ಅಂತ ಇರುತ್ತದೆ. ಮಾಡದಿದ್ದರೆ 3200ರ ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಾ ಕೂರಬಹುದು. ವಿಂಡೋಸ್ ಹಾಕುವ ಮೊದಲೇ ಎಫ್‌ಟಿಪಿಎಂ (ಪ್ರೊಸೆಸರ್ ಒಳಗೇ ಬರುವ ಟಿಪಿಎಂ) ಆನ್ ಇದೆಯಾ ನೋಡಿ, ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್ ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡಿ. ಆಮೇಲೆ ವಾಲರಂಟ್ ತೆರೆದಾಗ ವ್ಯಾನ್ 9001 ಅಂತ ಎರರ್ ಬಂದರೆ ಈ ಜಾಗಕ್ಕೇ ವಾಪಸ್ ಬಂದು ನೋಡಿ. ಎಚ್‌ಡಿಎಂಐ ಕೇಬಲ್ ಬೋರ್ಡಿನ ಹಿಂದಿನ ಪೋರ್ಟಿಗೇ ಹಾಕಿ. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಬರಲು ಒಂದೆರಡು ನಿಮಿಷ ಹಿಡಿಯಬಹುದು, ರ‍್ಯಾಮ್ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.