ಮೊಣಕೈ ಬಿರುಕು, ಹೇಗ್‌ನಲ್ಲಿ ಪಾಠ: ರಜೆ ಹಾಕಿ ಊರಿಗೆ ಬರೋದಾ, ಇಲ್ಲೇ ಇರೋದಾ?

ಮಂಡ್ಯದ_ಮೇಡಂ:
ನಮಸ್ಕಾರ. ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಫಿಸಿಕ್ಸ್ ಹೇಳಿಕೊಡ್ತೀನಿ. ಕಳೆದ ತಿಂಗಳು ಬೆಳಿಗ್ಗೆ ಸೈಕಲ್ ದಾರೀಲಿ ನೇರ ಹೋಗ್ತಿದ್ದೆ. ಪಕ್ಕದಲ್ಲಿದ್ದ ಡೆಲಿವರಿ ವ್ಯಾನ್ ಬಲಕ್ಕೆ ತಿರುಗಿ ಮುಂದಿನ ಚಕ್ರಕ್ಕೆ ತಾಗಿತು, ಬಲಗೈ ಊರಿಕೊಂಡು ಬಿದ್ದೆ. ಡ್ರೈವರ್ ಇಳಿದು ಬಂದು ಫೋನ್ ನಂಬರು, ಇನ್ಶೂರೆನ್ಸ್ ವಿವರ ಎಲ್ಲ ಬರೆದುಕೊಟ್ಟ, ಪಾಪ ಅವನ ಕೈಯೇ ನಡುಗ್ತಿತ್ತು.

ಎಕ್ಸ್‌-ರೇಲಿ ಮೊಣಕೈ ಹತ್ತಿರ ರೇಡಿಯಸ್ ಮೂಳೆಯ ತಲೆಯಲ್ಲಿ ಬಿರುಕು, ಮೂಳೆ ಜರುಗಿಲ್ಲ. ಪ್ಲಾಸ್ಟರ್ ಹಾಕಲಿಲ್ಲ. ಕೆಲವು ದಿನ ಸ್ಲಿಂಗ್, ಪ್ಯಾರಾಸಿಟಮಾಲ್, ಆಮೇಲೆ "ಕೈ ಆಡಿಸಿ". ಈ ದೇಶದಲ್ಲಿ ಏನೇ ಆದ್ರೂ ಪ್ಯಾರಾಸಿಟಮಾಲ್, ಇಲ್ಲಿರೋರಿಗೆ ಗೊತ್ತು.

ಈಗ ಕೈ ಪೂರ್ತಿ ನೀಡೋಕೆ ಆಗ್ತಿಲ್ಲ. ಬೋರ್ಡಿನ ಮೇಲಿನ ಅರ್ಧಕ್ಕೆ ಕೈ ಎಟಕಲ್ಲ, ಗ್ರಾಫ್ ಎಲ್ಲ ಮಕ್ಕಳೇ ಬರೀತಾರೆ. ತೀರ್ಥ ತಗೊಳ್ಳೋ ಹಾಗೆ ಅಂಗೈ ಮೇಲಕ್ಕೆ ತಿರುಗಲ್ಲ. ಜಡೆ ಹೆಣೆಯೋದನ್ನಂತೂ ಬಿಟ್ಟೇಬಿಟ್ಟೆ, ಕ್ಲಿಪ್ ಹಾಕಿಕೊಂಡು ಓಡ್ತೀನಿ. ಅಮ್ಮ ದಿನಾ ಫೋನ್: "ಪ್ಲಾಸ್ಟರ್ ಹಾಕದ ಡಾಕ್ಟರ್ ಎಂಥ ಡಾಕ್ಟರ್, ಬಂದ್ಬಿಡು, ಪುತ್ತೂರು ಕಟ್ಟು ಹಾಕಿಸಿ ಎಣ್ಣೆ ನೀವೋಣ." ಸಿಕ್ ಲೀವ್ ಹಾಕಿ ಬರಲಾ? ಇಂಥದ್ದು ಅನುಭವಿಸಿದವರು ಹೇಳಿ.

ಉಟ್ರೆಕ್ಟ್_ಫಿಸಿಯೊ:
ಮೇಡಂ, ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಜರುಗದ ಬಿರುಕಿಗೆ ಪ್ಲಾಸ್ಟರ್ ಹಾಕಿ ಸುಮ್ಮನಿಟ್ಟರೆ ಮೂಳೆ ಕೂಡುತ್ತೆ, ಆದರೆ ಕೀಲು ಬಿಗಿದುಕೊಳ್ಳುತ್ತೆ. ಮೊಣಕೈಯಷ್ಟು ಬೇಗ ಬಿಗಿಯೋ ಕೀಲು ಕಡಿಮೆ.

ಎಣ್ಣೆ ಹಚ್ಚಿ ಒತ್ತಿ ನೀವೋದು, ಬೇರೆಯವರು ಕೈ ಹಿಡಿದು ಎಳೆಯೋದು ಬೇಡವೇ ಬೇಡ. ಮೊಣಕೈ ಸುತ್ತಲಿನ ಸ್ನಾಯುವಿನಲ್ಲಿ ಬೇಡದ ಮೂಳೆ ಬೆಳೆಯೋ ಅಪಾಯ ಇದೆ. ನಿಮ್ಮ ಕೈ ನೀವೇ ಆಡಿಸಬೇಕು. ಮೊಣಕೈಯನ್ನ ಪಕ್ಕೆಗೆ ಒತ್ತಿ, ಮಡಚಿ, ಲಟ್ಟಣಿಗೆಯನ್ನ ನೆಟ್ಟಗೆ ಹಿಡಿದು ನಿಧಾನವಾಗಿ ಒಳಕ್ಕೆ, ಹೊರಕ್ಕೆ ಓಲಿಸಿ. ಅಂಗೈ ತಿರುಗೋಕೆ ಇದೇ ಮದ್ದು. ಮಲಗಿ ತೋಳಿನ ಕೆಳಗೆ ದಿಂಬು ಇಟ್ಟು, ಕೈಯ ಭಾರಕ್ಕೇ ಮೊಣಕೈ ಬಿಚ್ಚಿಕೊಳ್ಳಲಿ. ಒಂದೇ ಸಲ ಅರ್ಧ ಗಂಟೆ ಅಲ್ಲ, ಪೀರಿಯಡ್ ಪೀರಿಯಡ್ ಮಧ್ಯೆ ಸ್ವಲ್ಪ ಸ್ವಲ್ಪ. ಪುಸ್ತಕದ ಬ್ಯಾಗ್ ಎಡಗೈಗೆ. ಕಿರುಬೆರಳು ಜೋಮು ಹಿಡಿದರೆ ಡಾಕ್ಟರಿಗೆ ತಿಳಿಸಿ. ಕೊನೆಯ ಒಂದಿಷ್ಟು ಡಿಗ್ರಿ ತಿಂಗಳುಗಟ್ಟಲೆ ಸತಾಯಿಸುತ್ತೆ, ಕೆಲವರಿಗೆ ಪೂರ್ತಿ ಬರೋದೇ ಇಲ್ಲ. ಬೋರ್ಡ್ ಬರೆಯೋಕೆ ಅದರಿಂದ ತೊಂದರೆ ಇಲ್ಲ.

ಫಿಸಿಯೊ ಹತ್ತಿರ ಹೋಗೋಕೆ ಇಲ್ಲಿ ಚೀಟಿ ಬೇಕಿಲ್ಲ. ಆದರೆ ದೊಡ್ಡವರಿಗೆ ಮೂಲ ಇನ್ಶೂರೆನ್ಸ್ ಮೊದಲ 20 ಸಿಟಿಂಗ್ ಕೊಡಲ್ಲ, ಹೆಚ್ಚುವರಿ ಪಾಲಿಸಿ ಇದೆಯಾ ನೋಡಿ.

ರಾಮನಗರ_ಗೌಡ್ರು:
ನಮ್ಮಪ್ಪನ ಮಣಿಕಟ್ಟು ಪುತ್ತೂರು ಕಟ್ಟಲ್ಲೇ ಕೂಡಿತು. ಸುಮ್ನೆ ಹೆದರಿಸಬೇಡಿ ಸಾರ್.

ಉಟ್ರೆಕ್ಟ್_ಫಿಸಿಯೊ:
ಗೌಡ್ರೇ, ನಿಮ್ಮಪ್ಪಂದು ಮಣಿಕಟ್ಟು, ಇದು ಮೊಣಕೈ. ಕಟ್ಟಿ ಇಡೋದೇ ಇಲ್ಲಿ ಸಮಸ್ಯೆ.

ಹುಬ್ಬಳ್ಳಿ_ಆಮ್‌ಸ್ಟಲ್‌ವೇನ್:
ಮೇಡಂ, ಕೈಯಿಂದು ಅವರು ಹೇಳ್ಯಾರ, ನಾ ರೊಕ್ಕದ ಮಾತು ಹೇಳ್ತೀನ್ರಿ. ಇಲ್ಲಿನ ರಸ್ತೆ ಸಂಚಾರ ಕಾಯ್ದೆ 185ನೇ ಕಲಂ ಪ್ರಕಾರ ಮೋಟಾರ್ ಗಾಡಿಯವರು ಸೈಕಲ್‌ನವರಿಗೆ ಗುದ್ದಿದ್ರ ನಷ್ಟ ಅವರ ಕಡೆ. ತಪ್ಪಿಸಾಕ ದಾರಿನ ಇರಲಿಲ್ಲ ಅಂತ ಅವರ ಸಾಬೀತು ಮಾಡಬೇಕು. 14ರೊಳಗಿನ ಹುಡುಗರಿಗೆ ಪೂರ್ತಿ ಪರಿಹಾರ. ದೊಡ್ಡವರದು ತಪ್ಪಿದ್ರೂ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮಿ ಆಗಂಗಿಲ್ಲ. ನಿಮ್ಮದರಾಗಂತೂ ನೇರ ಹೋಗೋರಿಗೆ ವ್ಯಾನಿನವನು ದಾರಿ ಬಿಡಬೇಕಿತ್ತು. ಆರೋಗ್ಯ ಇನ್ಶೂರೆನ್ಸ್‌ನವರು ಕೊಡೋಕಿಂತ ಮೊದಲು ನೀವು ಕೈಯಿಂದ ಕಟ್ಟೋ ವರ್ಷದ 385 ಯೂರೋ, ಫಿಸಿಯೊ ಬಿಲ್, ಟ್ರಾಮ್ ಖರ್ಚು, ಸೈಕಲ್ ರಿಪೇರಿ ಎಲ್ಲಾ ವ್ಯಾನಿನ ಇನ್ಶೂರೆನ್ಸ್‌ನವರಿಗೆ ಹಚ್ರಿ. ರಸೀದಿ ಒಂದೂ ಒಗೀಬ್ಯಾಡ್ರಿ.

ಸಿಕ್ ಲೀವ್‌ನ್ಯಾಗ ಕೇಳದ ಇಂಡಿಯಾ ವಿಮಾನ ಹತ್ತಬ್ಯಾಡ್ರಿ, ಪಗಾರಕ್ಕ ಕುತ್ತು. ಶಾಲಿ ನೇಮಿಸಿದ ಡಾಕ್ಟರ್ ಇರ್ತಾರಲ್ಲ, ಅವರ ಮುಂದ ಹೇಳಿ, ಶಾಲಿಯವರ ಒಪ್ಪಿಗಿ ತಗೋರಿ. ಕಾಯ್ದೆ ಪ್ರಕಾರ 104 ವಾರದ ತನಕ ಕನಿಷ್ಠ 70% ಪಗಾರ ಕೊಡಬೇಕು, ಭಾಳ ಶಾಲಿಗೋಳು ಮೊದಲನೇ ವರ್ಷ ಪೂರ್ತಿ ಕೊಡ್ತಾವ. ಏನ್ ಬ್ಯಾನಿ ಅಂತ ಹೆಡ್‌ಮಾಸ್ಟರ್ ಕೇಳಂಗಿಲ್ಲ. ಆದ್ರ ಗಾಡಿ ಗುದ್ದಿ ಆಗಿದ್ದು ಅನ್ನೋದನ್ನ ನೀವ ತಿಳಿಸ್ರಿ, ಆ ಪಗಾರದ ರೊಕ್ಕ ಅವರೂ ಇನ್ಶೂರೆನ್ಸ್‌ನಿಂದ ವಸೂಲ್ ಮಾಡ್ತಾರ.

ಮಂಡ್ಯದ_ಮೇಡಂ:
ಎಲ್ಲರಿಗೂ ಥ್ಯಾಂಕ್ಸ್. ಶಾಲೆಗೆ ವ್ಯಾನಿನ ವಿಷಯ ಇವತ್ತೇ ಮೇಲ್ ಮಾಡಿದೆ. ಅಮ್ಮನಿಗೆ ಫಿಸಿಯೊ ಸರ್ ಬರೆದಿದ್ದನ್ನ ಓದಿ ಹೇಳಿದೆ, "ಲಟ್ಟಣಿಗೆ ಹಿಡಿಯೋಕೆ ಡಾಕ್ಟರ್ ಹೇಳಬೇಕಾ" ಅಂದ್ರು. ಇನ್ನೊಂದು ಕೇಳೋದಿತ್ತು ಸರ್: ನನ್ನ ಸೈಕಲ್‌ಗೆ ಹ್ಯಾಂಡ್ ಬ್ರೇಕ್, ಬಲಗೈಲಿ ಗಟ್ಟಿಯಾಗಿ ಹಿಡಿಯೋಕೆ ನೋವು. ಹಿಂದಕ್ಕೆ ತುಳಿದರೆ ಬ್ರೇಕ್ ಬೀಳೋ ಇಲ್ಲಿನ ಹಳೇ ಥರದ ಸೈಕಲ್ ಆದ್ರೆ ಬೇಗ ಶುರು ಮಾಡಬಹುದಾ?

ಉಟ್ರೆಕ್ಟ್_ಫಿಸಿಯೊ:
ಬ್ರೇಕ್ ಒಂದೇ ಅಲ್ಲ ಮೇಡಂ, ಹಳ್ಳ ದಿಣ್ಣೇಲಿ ಹ್ಯಾಂಡಲ್ ಮೇಲೆ ಭಾರ ಬೀಳುತ್ತೆ. ಗೋಡೆಗೆ ಎರಡೂ ಕೈ ಊರಿ ಮೈಭಾರ ಬಿಟ್ಟರೂ ನೋಯದ ತನಕ ಟ್ರಾಮ್. ಆಮೇಲೆ ಹಿಂದಕ್ಕೆ ತುಳಿಯೋ ಸೈಕಲ್ಲೇ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಸಾಕು.